ಬೇಲಿಯಿಲ್ಲದ ಲಾಡ್ಜ್

ಅತುಲ್ ಬೇಲಿಯ ಬಗ್ಗೆ ವಿಚಾರಿಸುತ್ತಿದ್ದ.

ಫೋನಿನ ಆ ತುದಿಯಲ್ಲಿ ಬೋಟ್ಸ್‌ವಾನಾದ ಸಫಾರಿ ಲಾಡ್ಜಿನ ಹೆಂಗಸು. ಸ್ಪೀಕರ್ ಹಾಕಿಕೊಂಡು ಅವನು ಒಂದೊಂದೇ ಪ್ರಶ್ನೆ ಕೇಳುತ್ತಿದ್ದ. ಡೇರೆಗಳ ಸುತ್ತ ಬೇಲಿ ಇದೆಯೇ? ಇಲ್ಲ. ಕತ್ತಲಾದ ಮೇಲೆ ಹೊರಗೆ ಓಡಾಡಬಹುದೇ? ಕಾವಲುಗಾರ ಜೊತೆಗಿಲ್ಲದೆ ಮೆಟ್ಟಿಲು ಕೂಡ ಇಳಿಯುವಂತಿಲ್ಲ, ಕತ್ತೆಕಿರುಬಗಳು ಡೇರೆಗಳ ನಡುವೆಯೇ ತಿರುಗುತ್ತವೆ. ಫೋನ್ ಸಿಗ್ನಲ್? ಸಿಗುವುದಿಲ್ಲ. ಎಲ್ಲಕ್ಕಿಂತ ದೂರದಲ್ಲಿರುವ ಡೇರೆ ಯಾವುದು? ಹೊಳೆಯ ತಿರುವಿನಲ್ಲಿದೆ, ಅದನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ.

ಅತುಲ್ ಅದನ್ನೇ ಕಾಯ್ದಿರಿಸಿದ.

ಅಡುಗೆಮನೆಯಲ್ಲಿ ಧೃತಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದ್ದಳು. ಅವನು ಬಂದು ಬಾಗಿಲಿಗೆ ಒರಗಿ ನಿಂತ.

"ಕೇಳಿಸ್ತಲ್ಲ? ಅಲ್ಲಿ ಮಹಿಮಾ ಮನೆ ಇರಲ್ಲ. ಎಲ್ಲಿಗೆ ಓಡ್ತೀಯೋ ನೋಡ್ತೀನಿ."

ನಗುತ್ತಲೇ ಹೇಳಿದ. ಅವನು ಕೂಗಾಡಿದ್ದರೆ ಧೃತಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮದುವೆಯಾಗಿ ಎರಡು ವರ್ಷ. ಅವಳು ಅಮೆರಿಕದ ಐಸೆಲಿನ್‌ನಲ್ಲಿ ಹುಟ್ಟಿ ಬೆಳೆದವಳು, ಅಲ್ಲಿನ ಪ್ರಜೆ. ಅವನು ಕೆಲಸದ ವೀಸಾದ ಮೇಲೆ ಮೈಸೂರಿನಿಂದ ಬಂದವನು. ಅಲ್ಲೇ ಕಾಯಂ ನೆಲೆಸಲು ಅವನಿಗೆ ಗ್ರೀನ್ ಕಾರ್ಡ್ ಬೇಕು, ಅರ್ಜಿಗೆ ಅವಳ ಸಹಿ ಬೇಕು. ಮೊದಲು ಕೇಳಿದ, ಆಮೇಲೆ ರಮಿಸಿದ, ಜನವರಿಯಲ್ಲಿ ಕೈ ತಿರುಚಿದ. ಹಿಮ ಬೀಳುತ್ತಿದ್ದ ಆ ಸಂಜೆ ಅವಳು ಮನೆಯ ಚಪ್ಪಲಿಯಲ್ಲೇ ಪಕ್ಕದ ಬೀದಿಯ ಗೆಳತಿ ಮಹಿಮಾಳ ಮನೆಗೆ ಓಡಿದ್ದಳು. ಮರುದಿನ ಅವನು ಹೂಗುಚ್ಛ ಹಿಡಿದು ಬಂದು ಎಲ್ಲರೆದುರು ಕಣ್ಣೀರು ಹಾಕಿ ಕರೆದುಕೊಂಡು ಹೋದ. ಪೊಲೀಸರಿಗೆ ಹೇಳುತ್ತೇನೆ ಎಂದು ಧೃತಿ ಅಂದಾಗ ಅವಳ ಅಮ್ಮ, "ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ನಾವು ತಲೆ ಎತ್ಕೊಂಡು ಓಡಾಡೋದು ಬೇಡ್ವೇನೇ?" ಎಂದಿದ್ದರು.

ಅದಾದ ಮೇಲೆ ಅತುಲ್‌ಗೆ ಈ ಸಫಾರಿಯ ಹುಚ್ಚು ಹಿಡಿಯಿತು. ಲ್ಯಾಪ್‌ಟಾಪ್ ತೆರೆದರೆ ಸಾಕು, ಲಾಡ್ಜುಗಳ ಜಾಹೀರಾತು. ಬಿಳಿ ಸೊಳ್ಳೆಪರದೆಯ ದೊಡ್ಡ ಮಂಚ, ಎದುರಿಗೆ ನೀರಿಗಿಳಿದ ಆನೆಗಳ ಹಿಂಡು, ಕೈಗೆ ವೈನ್ ಕೊಡುವ ಪರಿಚಾರಕ. "ನನ್ನನ್ನೇ ಹುಡುಕ್ಕೊಂಡು ಬರ್ತಿದೆ ನೋಡು," ಎಂದು ಅತುಲ್ ಬೀಗಿದ್ದ. ಅವನು ಬೇರೆ ಲಾಡ್ಜುಗಳನ್ನೆಲ್ಲ ತಳ್ಳಿಹಾಕಿ ಬೇಲಿ ಇಲ್ಲದ್ದನ್ನೇ ಆರಿಸಿದ.

ಶನಿವಾರ ಓಕ್ ಟ್ರೀ ರೋಡಿನ ಅಂಗಡಿಬೀದಿಯಲ್ಲಿ ಮಹಿಮಾ ಅವಳನ್ನು ತಡೆದು ನಿಲ್ಲಿಸಿದಳು.

"ಆರ್ ಯೂ ಕ್ರೇಜಿ? ಹೋಗ್ಬೇಡ ಕಣೇ. ಪಾಸ್‌ಪೋರ್ಟ್ ಕಳೆದುಹೋಯ್ತು ಅನ್ನು."

"ಅದು ಅವನ ಹತ್ರಾನೇ ಇದೆ."

"ಜ್ವರ ಅನ್ನು. ಏನಾದ್ರೂ ಅನ್ನು. ಅವನು ಅಲ್ಲಿ ನಿನ್ನನ್ನ ಏನು ಮಾಡಿದ್ರೂ ಕೇಳೋರಿಲ್ಲ!"

"ನಾನು ಬರಲ್ಲ ಅಂದ್ರೆ ಅವನೂ ಹೋಗಲ್ಲ, ಮಹಿಮಾ."

"ಬೇಡ! ಯಾರಿಗೆ ಬೇಕಾಗಿದೆ ಅವನ ಸಫಾರಿ?"

ಧೃತಿ ಬಟ್ಟೆಯಂಗಡಿ ಹೊಕ್ಕಳು. ಕಾಡಿಗೆ ಮಣ್ಣಿನ ಬಣ್ಣದ ಬಟ್ಟೆಯೇ ಆಗಬೇಕೆಂದು ಲಾಡ್ಜಿನವರು ತಿಳಿಸಿದ್ದರು. ಅವಳು ಅವನಿಗೆ ಎರಡು ಅಂಗಿ ಕೊಂಡಳು. ತನಗೆ ಏನೂ ಕೊಳ್ಳಲಿಲ್ಲ.

ಹೊರಡುವ ದಿನ ಅತುಲ್ ತಾನೇ ಚೀಲ ಕಟ್ಟಿದ. ಲಾಡ್ಜಿಗೆ ಕರೆದೊಯ್ಯುವ ಪುಟ್ಟ ವಿಮಾನದಲ್ಲಿ ದೊಡ್ಡ ಸೂಟ್‌ಕೇಸಿಗೆ ಜಾಗವಿಲ್ಲ, ಒಬ್ಬರಿಗೆ ಒಂದು ಮೆತ್ತನೆಯ ಕೈಚೀಲ ಅಷ್ಟೆ. ಪಾಸ್‌ಪೋರ್ಟಿನೊಳಗೆ, ಕಂಪನಿ ಕೊಡಿಸಿದ್ದ ಕೆಲಸದ ವೀಸಾದ ಅಪ್ರೂವಲ್ ಪೇಪರ್ ಮಡಚಿಟ್ಟುಕೊಂಡ. ಕಳೆದ ಬೇಸಿಗೆಯಲ್ಲಿ ನಯಾಗರಾ ನೋಡಲು ಕೆನಡಾ ಕಡೆಗೆ ಹೋಗಿದ್ದಾಗ, ಪಾಸ್‌ಪೋರ್ಟಿನ ವೀಸಾ ಸ್ಟಾಂಪಿನ ಅವಧಿ ಮುಗಿದಿದ್ದರೂ ಈ ಪೇಪರನ್ನೇ ತೋರಿಸಿ ವಾಪಸ್ ಬಂದಿದ್ದ. ಕಾಗದಪತ್ರದ ವಿಷಯದಲ್ಲಿ ತನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ ಎಂಬುದು ಅವನ ಹೆಮ್ಮೆ. ಕೊನೆಗೆ, ಧೃತಿ ಸಹಿ ಹಾಕಬೇಕಾದ ಅರ್ಜಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಒಳಗಿಟ್ಟ. ಎರಡು ಪೆನ್ನು ಇಟ್ಟ.

"ಅಲ್ಲಿ ಆರಾಮಾಗಿ ಕೂತು ಸಹಿ ಹಾಕು," ಎಂದ. "ಟೂರಿಸ್ಟ್‌ಗಳು ಹೇಗೆ ಗೊತ್ತಾ? ರೂಲ್ಸ್ ಮರೆತು ಕತ್ತಲಲ್ಲಿ ಡೇರೆಯಿಂದ ಆಚೆ ಹೋಗ್ಬಿಡ್ತಾರೆ. ಆಮೇಲೆ ಗಂಡ ಅನ್ನಿಸ್ಕೊಂಡೋನು ಏನು ಮಾಡಕ್ಕಾಗುತ್ತೆ, ಹೇಳು?"

ಧೃತಿ ಚೀಲದ ಜಿಪ್ ಎಳೆದು ಕೊಟ್ಟಳು.

ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ಅವನು ಅವಳ ಮೊಣಕೈ ಬಿಡಲಿಲ್ಲ. ಬಿಟ್ಟಿದ್ದು ಗೇಟಿನ ಹತ್ತಿರ. ವಿಮಾನ ಪ್ರಯಾಣಗಳಿಂದ ಕೂಡಿಟ್ಟಿದ್ದ ಪಾಯಿಂಟ್ಸ್ ಬಳಸಿ ಅವನು ಬಿಸಿನೆಸ್ ಕ್ಲಾಸಿನ ಸೀಟು ಪಡೆದಿದ್ದ, ಒಂದೇ ಒಂದು. ಆ ಕ್ಲಾಸಿನವರನ್ನು ಮೊದಲು ಕರೆದರು.

"ನನಗೆ ಬೆನ್ನು ನೋವು, ನಿನಗೇನು? ತಗೋ ಪಾಸ್‌ಪೋರ್ಟ್. ಗೇಟಲ್ಲಿ ತೋರಿಸು. ಪ್ಲೇನ್ ಮೇಲಕ್ಕೆ ಹೋದ ಮೇಲೆ ಬಂದು ಇಸ್ಕೊಳ್ತೀನಿ."

"ಸರಿ."

"ಹಿಂದಿನ ಸಾಲಲ್ಲಿ ಅಳ್ತಾ ಕೂತ್ಕೋಬೇಡ. ಜನ ನೋಡ್ತಾರೆ."

ಅವನು ಹೊಸ ಅಂಗಿಯ ಕಾಲರ್ ಸರಿಪಡಿಸಿಕೊಂಡು ಸುರಂಗದಂಥ ದಾರಿಯಲ್ಲಿ ಮರೆಯಾದ. ಸಾಲು ಕರಗಿತು. ಸ್ವಲ್ಪ ಹೊತ್ತಿಗೆ ಅವಳ ಫೋನ್ ಮಿಡಿಯಿತು. ಅತುಲ್‌ನ ಮೆಸೇಜು: ಕೂತ್ಯಾ?

ಕೂತಿದ್ದೀನಿ, ಎಂದು ಬರೆದಳು ಧೃತಿ. ಸೀಟಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಕಣ್ಣು ಬಿಟ್ಟಾಗ, ಗೇಟಿನ ಗಾಜಿನ ಆಚೆ ವಿಮಾನ ಹಿಂದಕ್ಕೆ ಸರಿಯುತ್ತಿತ್ತು. ಅದು ರನ್‌ವೇ ಬಿಟ್ಟು ಮೇಲೇರುವವರೆಗೂ ಧೃತಿ ಕುರ್ಚಿಯಿಂದ ಕದಲಲಿಲ್ಲ. ಆಮೇಲೆ ಮಹಿಮಾಗೆ ಫೋನ್ ಮಾಡಿದಳು.

"ಹತ್ತಲಿಲ್ವಾ? ಥ್ಯಾಂಕ್ ಗಾಡ್!" ಎಂದವಳು ಮರುಕ್ಷಣವೇ ದನಿ ತಗ್ಗಿಸಿದಳು. "ಆದ್ರೆ ಅವನು ವಾಪಸ್ ಬರ್ತಾನಲ್ಲೇ. ಕೆಂಡವಾಗಿ ಬರ್ತಾನೆ. ಆಗೇನು ಮಾಡ್ತೀಯ?"

"ಬರಕ್ಕಾಗಲ್ಲ ಕಣೇ. ವೀಸಾ ಸ್ಟಾಂಪ್ ಮುಗಿದಿದ್ರೂ ಇಲ್ಲಿ ಒಳಗೆ ಬಿಡೋದು ಕೆನಡಾ, ಮೆಕ್ಸಿಕೋಗೆ ಹೋಗಿಬಂದೋರನ್ನ ಮಾತ್ರ. ಅವನಿನ್ನು ಇಂಡಿಯಾಗೆ ಹೋಗಿ ಹೊಸ ವೀಸಾಗೆ ಕ್ಯೂ ನಿಲ್ಬೇಕು," ಎಂದಳು ಧೃತಿ. "ಅದು ಗೊತ್ತಾದ ದಿನದಿಂದ, ಅವನು ಸ್ನಾನಕ್ಕೆ ಹೋದಾಗಲೆಲ್ಲ ಅವನ ಲ್ಯಾಪ್‌ಟಾಪ್ ಮುಂದೆ ಕೂತು ಸಫಾರಿ ಲಾಡ್ಜ್ ಹುಡುಕ್ತಿದ್ದೆ."