ಶೀಶೆಯೊಳಗಿನ ಕಾವಲುಗಾರರು

“ಕಳ್ಳಿ! ಮನೆಯೊಳಗೇ ಕಳ್ಳಿ!” ಶೀಶೆಯಲ್ಲಿದ್ದ ನನ್ನ ರಕ್ತದ, ಮೈ ಕಾಯುವ ಪ್ರತಿಕಾಯಗಳು ಕೂಗಿದವು. ಮದುವೆ ಮಾತಿಗೆ ಮುಂಚೆ ರಕ್ತದ ಮಾತು ಕೇಳುವುದು ವಾಡಿಕೆ. ಒಡತಿಯನ್ನೇ ಕಳ್ಳಿಯೆಂದು ಹಿಡಿದುಕೊಟ್ಟ ಕಾವಲುಗಾರನ ಬಗ್ಗೆ ಅಜ್ಜಿ ಹೇಳುತ್ತಿದ್ದ ಕಥೆ ನೆನಪಾಯಿತು.

“ಸ್ವಂತ ಮೈಯನ್ನೇ ಕಳ್ಳಿ ಅಂತಿವೆ ಅಂದ್ರೆ ಕೀಲುವಾತ! ಈ ಸಂಬಂಧ ಬೇಡಪ್ಪ,” ಎಂದರು ಸೆರಗಿನೊಳಗೆ ಕೈಯಿಟ್ಟು ಕೂತಿದ್ದ ಭಾವೀ ಅತ್ತೆ ಪದ್ಮಾಕ್ಷಮ್ಮ.

“ತಡೀರಿ. ಆರೋಗ್ಯವಾಗಿರೋರ ರಕ್ತವೂ ಒಮ್ಮೊಮ್ಮೆ ಹೀಗೆ ಕೂಗುತ್ತೆ,” ಎಂದು ಶೀಶೆಯ ಮುಚ್ಚಳ ಬಿಗಿದ ಡಾಕ್ಟರ್ ನನ್ನತ್ತ ತಿರುಗಿದರು. “ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯುತ್ತೇನಮ್ಮ?”

“ಇಲ್ಲ ಡಾಕ್ಟ್ರೇ.”

“ಸುಳ್ಳು ಹೇಳ್ತಾಳೆ! ನಾನೇ ಕಿವಿಗಿಟ್ಟು ಕೇಳ್ತೀನಿ.” ಪದ್ಮಾಕ್ಷಮ್ಮ ಶೀಶೆ ಕಸಿದುಕೊಂಡರು. ಎಷ್ಟು ತಿರುಚಿದರೂ ಮುಚ್ಚಳ ಬಿಚ್ಚಲಿಲ್ಲ. ಅವರ ಬೆರಳ ಗಂಟುಗಳು ಊದಿಕೊಂಡಿದ್ದವು.

“ಕೊಡಿ ಅತ್ತೆ,” ಎಂದು ನಾನು ಸಲೀಸಾಗಿ ತೆಗೆದುಕೊಟ್ಟೆ.

ಡಾಕ್ಟರ್ ಹೊಸ ಸೂಜಿ ಬಿಚ್ಚಿದರು. “ನಿಮ್ಮ ಕೈ ಕೊಡೀಮ್ಮಾ.”

ಪದ್ಮಾಕ್ಷಮ್ಮ ಮತ್ತೆ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.