ಒಪ್ಪಿಗೆ ಚೀಟಿ

‘ಹೆಣ್ಣಿಗ’ ಎಂದು ಛೇಡಿಸಿ ಹೊಡೆಯುವವರು ಶಾಲೆಯ ಪಾಯಿಖಾನೆಯಲ್ಲಿ ಕಾದಿರುತ್ತಾರೆಂದು ಹುಡುಗ ಸಂಜೆಯವರೆಗೂ ನೀರು ಕುಡಿಯುತ್ತಿರಲಿಲ್ಲ. ವಿಜ್ಞಾನದ ಮೇಡಂ ಅವನಂಥ ಹುಡುಗರಿಗೆಂದೇ ಶನಿವಾರದ ಆಸರೆ ಬಳಗ ಶುರುಮಾಡಿದಾಗ ಹೋದ ಜೀವ ಬಂದಂತಾಯಿತು. ಸೇರಲು ಅಪ್ಪನ ಒಪ್ಪಿಗೆ ಬೇಕಿತ್ತು. ಬೇರೆಯವರ ಚೀಟಿಗಳಲ್ಲೆಲ್ಲ ಸಹಿಯಿದ್ದದ್ದನ್ನು ಕಂಡು ಅಪ್ಪನ ಹೆಸರಲ್ಲಿ ತಾನೇ ಒಂದು ಸಹಿ ಗೀಚಿ ಕೊಟ್ಟುಬಿಟ್ಟ.

ಈಗ ಹೆಡ್‌ಮಾಸ್ತರರ ಮೇಜಿನ ಮುಂದೆ, ಸುಣ್ಣ ಬಳಿಯುವ ಕೆಲಸ ಅರ್ಧಕ್ಕೇ ಬಿಟ್ಟು ಬಂದ ಅಪ್ಪನ ಪಕ್ಕದಲ್ಲಿ ನಿಂತಿದ್ದ.

“ದಾಖಲಾತಿ ಪುಸ್ತಕದಲ್ಲಿ ನಿಂದು ಹೆಬ್ಬೆಟ್ಟು. ಇಲ್ಲಿ ನೋಡಿದ್ರೆ ಸಹಿ! ನಿನ್ನ ಮಗನ ಕಳ್ಳಾಟ ಕಣಯ್ಯಾ ಇದು.”

“ಈ ಚೀಟಿ ಯಾತಕ್ಕೆ ಸಾ?”

“ಹುಡುಗರ ಮೇಲೇ ಮನಸ್ಸಾಗೋ ಹುಡುಗರ ಬಳಗವಂತೆ. ಮಿಕ್ಕೋರು ಹೊಡೀತಾರೆ ಅಂತ ಇವರಿಗೆ ಧೈರ್ಯ ತುಂಬ್ತಾರಂತೆ! ನೀನೇನೂ ಒಪ್ಪಿಲ್ಲ ತಾನೆ? ಹೇಳು, ಈಗ್ಲೇ ಹರಿದಾಕ್ತೀನಿ.”

ಹುಡುಗ ಕಣ್ಣು ಮುಚ್ಚಿ ಏಟಿಗೆ ಕಾದ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ಅಪ್ಪ ಹೆಬ್ಬೆಟ್ಟಿಗೆ ಮೆತ್ತಿದ್ದ ಸುಣ್ಣವನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದ.

“ಆ ಇಂಕ್ ಪ್ಯಾಡು ಒಸಿ ಇತ್ತಗೆ ತಳ್ಳಿ ಸಾ.”