ಊಟ ವಿಚಾರಿಸಿದ ಗಾಯಕ

ಅಮೆರಿಕದ ದಕ್ಷಿಣ ಸೀಮೆಯ ಆ ರಾಕ್ ಗಾಯಕ ತೀರಿಕೊಂಡ ಸುದ್ದಿಯಿದ್ದ ಪೇಪರನ್ನು ಗೆಳೆಯ ಫಣೀಂದ್ರ ನನ್ನ ಆಫೀಸಿಗೇ ತಂದಿದ್ದ. ಇಪ್ಪತ್ತೆಂಟು ವರ್ಷದ ಹಿಂದೆ ಆ ಗಾಯಕನ ಬ್ಯಾಂಡು ಬೆಂಗಳೂರಿಗೆ ಬಂದಾಗ ನನಗೆ ಕಾಮಾಲೆ. ನನಗೂ ವಸುಧಾಳಿಗೂ ಆಗಷ್ಟೇ ನಿಶ್ಚಿತಾರ್ಥವಾಗಿತ್ತು. ನಮ್ಮ ಎರಡೂ ಟಿಕೆಟ್ ಫಣಿಗೆ ಕೊಟ್ಟುಬಿಟ್ಟೆ. "ನೀವಿಲ್ದೆ ನಂಗೆಂಥ ಸಂಗೀತ" ಎಂದು ಅವಳು ಮೈಸೂರಿನ ಚಿಕ್ಕಮ್ಮನ ಮನೆಗೆ ಹೋದಳು. ನನ್ನ ಹೊಟ್ಟೆ ಉರಿಯಬಾರದೆಂದು ಫಣಿ ಆ ಸಂಜೆಯ ಮಾತನ್ನೇ ಎತ್ತಿರಲಿಲ್ಲ.

"ಈಗಲಾದ್ರೂ ಹೇಳೋ" ಎಂದೆ.

"ಮೈದಾನದ ತುಂಬ ಜನ ಕಣೋ. ಮೂರು ಗಿಟಾರು ಒಟ್ಟಿಗೆ ಶುರುವಾದ್ರೆ ಎದೆ ನಡುಗೋದು. ಮಧ್ಯೆ ನಿಲ್ಲಿಸಿ, ಯಾರೋ ಹೇಳ್ಕೊಟ್ಟ ಕನ್ನಡದಲ್ಲಿ 'ಊಟ ಆಯ್ಟಾ?' ಅಂದ. 'ತ' ಅನ್ನೋಕೆ ಅವನ ನಾಲಿಗೆ ಹೊರಳ್ಲೇ ಇಲ್ಲ. ಅಷ್ಟೂ ಜನ 'ಆಯ್ತು' ಅಂದ್ವಿ. ನನ್ನ ಹೆಗಲ ಮೇಲೆ ಕೂತಿದ್ದವಳು ಮಾತ್ರ 'ಇನ್ನೂ ಇಲ್ಲ' ಅಂತ ಕೂಗಿದ್ಲು."

"ಏನಂತ ಕೇಳ್ದ? ಇನ್ನೊಂದ್ಸಲ ಹೇಳು."

"ಊಟ ಆಯ್ಟಾ, ಅಂತ."

"ಹೆಗಲ ಮೇಲಿದ್ದವಳು ಯಾರು?"

ಫಣಿ ಪೇಪರ್ ಮಡಚತೊಡಗಿದ. "ಯಾರೋ ಗುಂಪಲ್ಲಿ ಸಿಕ್ಕವಳು. ಹೆಸರೂ ಮರ್ತೋಗಿದೆ."

ಅಷ್ಟರಲ್ಲಿ ಫೋನು ರಿಂಗಾಯಿತು. ಸ್ಪೀಕರ್ ಒತ್ತಿ ಅವನ ಮುಂದಿಟ್ಟೆ. ಮದುವೆಯಾದಂದಿನಿಂದ ಪ್ರತಿ ಮಧ್ಯಾಹ್ನ ಕೇಳುವ ಹಾಗೆಯೇ, ನನಗೊಬ್ಬನಿಗೇ ಎಂದು ನಾನು ನಂಬಿದ್ದ ಮುದ್ದು ಉಚ್ಚಾರಣೆಯಲ್ಲಿ, ವಸುಧಾ ಕೇಳಿದಳು:

"ಊಟ ಆಯ್ಟಾ?"